ಬಿದ್ದ ಮನೆಯ ಗುರುತು

ಹೊಳೆಯ ನೆರೆ ಇಳಿದದ್ದೇ ತಡ, ದಿಬ್ಬದ ಮನೆಯಲ್ಲಿ ಅಂಗಾಲೂ ತೋಯದೆ ಉಳಿದ ಪಂಚಾಯಿತಿ ಅಧ್ಯಕ್ಷರಿಗೆ ಊರಿನ ಸ್ವಚ್ಛತೆಯ ಚಿಂತೆ ಹತ್ತಿತು. ಅವರು ಡಂಗುರ ಹೊಡೆಸಿದಂತೆ ನೀಲವ್ವ ತನ್ನ ಬಿದ್ದ ಮನೆಯ ಮಣ್ಣು, ತೊಲೆ, ತಗಡುಗಳನ್ನು ಬೇರೆಬೇರೆ ಮಾಡಿ ಅವರ ಟ್ರ್ಯಾಕ್ಟರಿಗೆ ತುಂಬಿ, ಜಾಗವನ್ನು ಸೆಗಣಿಯಿಂದ ಸಾರಿಸಿದಳು.

ಮರುದಿನ ಹಾನಿ ನೋಡಲು ಸಾಹೇಬರು ಬಂದರು.

"ಮನಿ ಬಿದ್ದದ್ದಕ್ಕ ಗುರ್ತ ಏನೈತಿ?"

"ಮನೀನ ಇಲ್ಲಲ್ರೀ, ಅದ ಗುರ್ತ."

"ಖಾಲಿ ಜಾಗಕ್ಕ ಪರಿಹಾರ ಕೊಡಾಕ ಬರಂಗಿಲ್ಲವ್ವ. ಊಟ ಮಾಡಿ ಬರ್ತೀನಿ, ಅಷ್ಟರಾಗ ಏನರ ಬಿದ್ದದ್ದು ತೋರ್ಸು."

ನೀಲವ್ವ ಬುಟ್ಟಿ ಹಿಡಿದು ಪಕ್ಕದ ಹುಸೇನಬಿಯಲ್ಲಿಗೆ ಓಡಿದಳು. ಅಲ್ಲಿ ಸಾಹೇಬರು ಆಗಲೇ ಮೆಚ್ಚಿ ಫೋಟೊ ತೆಗೆದ ಮಣ್ಣಿನ ಗುಡ್ಡೆಯಿತ್ತು.

"ಎರಡು ಬುಟ್ಟಿ ಮಣ್ಣು ಕಡಾ ಕೊಡ ಯಕ್ಕಾ."

"ಒಯ್ಯಿ. ಸಂಜಿಗೆ ಅಧ್ಯಕ್ಷರ ಅಂಗಳಕ್ಕ ತಿರುಗಿ ಹಾಕು, ನಾನೂ ಅಲ್ಲಿಂದನ ಕಡಾ ತಂದೀನಿ. ಊರ ಮಣ್ಣೆಲ್ಲಾ ಟ್ರ್ಯಾಕ್ಟರ್ ಅಲ್ಲೇ ಸುರದೈತಿ. ಅವರ ಮನೀನೂ ಬಿದ್ದೈತಂತ."