ಗಂಟಲಿಗಿಳಿಯದ ಕಿಯಾಂಟಿ

ಒಂದಾನೊಂದು ಹೋಟೆಲಿನಲ್ಲಿ ವೈನಿನ ರುಚಿ ಹೇಳುವ ಹುಡುಗಿಯೊಬ್ಬಳಿದ್ದಳು. ಒಂದು ತೊಟ್ಟೂ ನುಂಗುವುದಿಲ್ಲವೆಂದು ಅಜ್ಜಿಗೆ ಮಾತು ಕೊಟ್ಟಿದ್ದರಿಂದ ಎಲ್ಲವನ್ನೂ ಬಾಯಲ್ಲಾಡಿಸಿ ಬಟ್ಟಲಿಗೆ ಉಗಿಯುತ್ತಿದ್ದಳು. ಇಟಲಿಯ ಕಿಯಾಂಟಿ ಎಂಬ ಕೆಂಪು ವೈನಿಗೆ ಹೊಂದುವ ನಮ್ಮ ಕಡೆಯ ಅಡುಗೆಯೊಂದನ್ನು ಸಂಜೆಯೊಳಗೆ ಹುಡುಕಿಕೊಡುತ್ತೇನೆಂದು ಮಾಲೀಕನೆದುರು ಒಪ್ಪಿಕೊಂಡಿದ್ದಳು. ತಪ್ಪಿದರೆ ಕೆಲಸ ಹೋಗುತ್ತಿತ್ತು.

ನಿಗಾ ಇಡಲು ಬಂದು ಕೂತಿದ್ದ ಅಜ್ಜಿ, "ಹೇಗಿದೆಯೇ ಅದು?" ಎಂದಳು.

"ಹುಳಿ, ಒಗರು. ಜಿಡ್ಡಿನ ಅಡುಗೆಗೆ ಸರಿಹೋಗುತ್ತೆ. ಯಾವುದು ಅಂತ ನುಂಗದೆ ತಿಳೀತಿಲ್ಲ. ಒಂದೇ ಗುಟುಕು, ಅಜ್ಜೀ?"

"ಮಾತು ಅಂದ್ರೆ ಮಾತು. ಇಲ್ಲಿ ಕೊಡು, ನಾನು ಬಾಯಲ್ಲಾಡಿಸಿ ನೋಡ್ತೀನಿ."

ಅಜ್ಜಿ ಕಣ್ಣು ಮುಚ್ಚಿ ಲೋಟ ಎತ್ತಿದಳು. ಹುಡುಗಿ ಬಟ್ಟಲು ಹಿಡಿದಳು. "ಉಗಿ, ಅಜ್ಜಿ."

ಅಜ್ಜಿ ಲೋಟ ಬರಿದು ಮಾಡಿ ತುಟಿ ಒರೆಸಿಕೊಂಡಳು. "ಮಾತು ಕೊಟ್ಟಿದ್ದು ನೀನು ಕಣೆ. ಬದನೆಕಾಯಿ ಎಣ್ಣೆಗಾಯಿ ಅಂತ ಬರ್ಕೋ."