ಹುಟ್ಟಿನ ಕಾವಲು

ಹೊಳೆಯ ನಡುಗಡ್ಡೆಯಲ್ಲಿ ಮೀನು ಹಿಡಿಯಲು ಬೀಡುಬಿಟ್ಟವರು ಎರಡೇ ಗುಂಪು. ಹೋದ ವರ್ಷ ತಮ್ಮ ದೋಣಿಯ ಹುಟ್ಟುಗಳು ಕಳುವಾದ ಮೇಲೆ ದುರುಗಪ್ಪ ರಾತ್ರಿ ತಾನೇ ಅವುಗಳ ಕಾವಲಿಗಿರುತ್ತಿದ್ದ.

ಅಂದು ಬೆಳಗ್ಗೆ ಅವನಿಗೆ ಲಕ್ವ ಹೊಡೆದಿತ್ತು. ಮಾತು ನಿಂತಿತ್ತು. ಆಸ್ಪತ್ರೆಗೆ ಒಯ್ಯೋಣವೆಂದರೆ ದೋಣಿಯಲ್ಲಿ ಹುಟ್ಟುಗಳಿರಲಿಲ್ಲ. ಅವಿಲ್ಲದೆ ಹೊಳೆಯ ಸೆಳವನ್ನು ದಾಟುವಂತಿರಲಿಲ್ಲ. ಪಕ್ಕದ ಗುಂಪಿನವರು ನಸುಕಿನಲ್ಲೇ ದೋಣಿ ಬಿಟ್ಟಿದ್ದರು.

"ಅವರ ಒಯ್ದಾರ, ವೈನಿ! ನಿನ್ನೆ ನಮ್ಮ ಒಲಿ ಮುಂದ ಕುಂತು ಉಂಡಹೋದ್ರು, ಕಳ್ಳರು!" ದುರುಗಪ್ಪನ ತಮ್ಮ ಭೀಮಶಿ ಹಲ್ಲು ಕಡಿದ.

"ಅವರ ಕೈ ಸೇದಿಹೋಗ್ಲಿ! ಅವರ ದೋಣಿ ಮುಳುಗ್ಲಿ!" ದುರುಗಪ್ಪನ ಹೆಂಡತಿ ಯಂಕವ್ವ ಹೊಳೆಯತ್ತ ತಿರುಗಿ ಶಪಿಸಿದಳು.

ಚಾಪೆಯ ಮೇಲೆ ಬಿದ್ದಿದ್ದ ದುರುಗಪ್ಪ ಆಡುತ್ತಿದ್ದ ಒಂದೇ ಕೈಯಿಂದ ಪಕ್ಕದ ಮರಳನ್ನು ಬಡಿಯುತ್ತಿದ್ದ.

"ನೀರ ಬೇಕೇನ್ರಿ?" ಅವಳು ಬಿಟ್ಟ ನೀರು ಕಟವಾಯಿಯಿಂದ ಹೊರಗೆ ಹರಿಯಿತು. ಅವನು ಮತ್ತೆ ಬಡಿದ. ಮಧ್ಯಾಹ್ನದ ಹೊತ್ತಿಗೆ ಆ ಕೈಯೂ ನಿಂತಿತು.

ಸಂಜೆ ಪಕ್ಕದ ಗುಂಪು ಮರಳಿತು. ಭೀಮಶಿ ಅವರಲ್ಲೊಬ್ಬ ಮುದುಕನ ಅಂಗಿ ಹಿಡಿದು ಜಗ್ಗಿದ. "ಎಲ್ಲಿ ಅದಾವಲೇ ಹುಟ್ಟು? ನಮ್ಮಣ್ಣನ್ನ ಕೊಂದ್ರಲ್ಲೋ!"

"ನಿಮ್ಮ ಹುಟ್ಟು ನಮಗ್ಯಾಕೋ ತಮ್ಮಾ? ಮೊದಲ ನಿಮ್ಮಣ್ಣನ್ನ ಎತ್ರಿ, ನಮ್ಮ ದೋಣ್ಯಾಗ ಒಯ್ಯೂಣು."

ನಾಲ್ವರು ಹೆಣವನ್ನು ಎತ್ತಿದರು. ಯಂಕವ್ವ ಚಾಪೆ ಎಳೆದಳು. ಚಾಪೆಯಡಿಯ ಮರಳು ಸರಿದು ಎರಡು ಹುಟ್ಟುಗಳ ಹಿಡಿಗಳು ಕಾಣಿಸಿದವು.