ಎಂಜಿನ್ ಬಂದ್ ಮಾಡಿದವರು

ಸೂಡಿ ಊರಿನ ತಿರುವಿನಲ್ಲಿ ಪರಶುವಿನ ಬೈಕು ಗುಂಡು ಹಾರಿಸಿದ ಹಾಗೆ ಎರಡು ಸಲ ಢಮ್ಮೆಂದಿತು. ಎದುರಿಗೆ ಗೊಬ್ಬರದ ಚಕ್ಕಡಿ ಹೊಡೆದುಕೊಂಡು ಬರುತ್ತಿದ್ದ ಮಹಾಲಿಂಗಪ್ಪನ ಎತ್ತುಗಳು ಬೆದರಿ, ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿದವು. ಬದುವಿಗೆ ಬಡಿದ ಚಕ್ಕಡಿ ವಾಲಿ ಮುದುಕ ಕೆಳಗುರುಳಿದ. ಒಂದು ಎತ್ತು ಹಗ್ಗ ಹರಿದುಕೊಂಡು ಓಡಿತು. ಗುಂಪಿನ ಬೈಕುಗಳು ಮಾತ್ರ ನಿಲ್ಲಲಿಲ್ಲ. ಊರು ದಾಟುವ ತನಕ ಎಲ್ಲರೂ ಎಕ್ಸಿಲರೇಟರ್ ತಿರುವಿದರು.

ಎಲ್ಲರಿಗಿಂತ ಮುಂದಿದ್ದ ಮಹೇಶ್ವರಿ ಅದನ್ನು ಕನ್ನಡಿಯಲ್ಲಿ ಕಂಡಳು. ಗಜೇಂದ್ರಗಡದಲ್ಲಿ ಅಪ್ಪನ ಸೀರೆ ಅಂಗಡಿ ನಡೆಸುವ ಅವಳಿಗೆ ಈ ಭಾನುವಾರದ ಸವಾರಿಯೆಂದರೆ ಪ್ರಾಣ. ಹೆಣ್ಣುಮಗಳು ದೊಡ್ಡ ಗಾಡಿ ಹೊಡೆಯುತ್ತಾಳೆಂದು ಒಂದು ಕಾಲಕ್ಕೆ ನಕ್ಕವರ ಮಕ್ಕಳೇ ಈಗ ಅವಳ ಗುಂಪಿನಲ್ಲಿದ್ದರು. ಆದರೆ ಪರಶು ಸೈಲೆನ್ಸರ್ ಬದಲಿಸಿದ ಮೇಲೆ ಹಾದಿಯ ಊರುಗಳಲ್ಲಿ ಇಡೀ ಗುಂಪನ್ನು ಕಂಡರೆ ಜನ ಮುಖ ಗಂಟಿಕ್ಕುತ್ತಿದ್ದರು. ನರೇಗಲ್ಲಿನ ಅಂಗಡಿಯವನು ಒಲೆಯ ಮೇಲೆ ಚಹಾ ಕುದಿಯುತ್ತಿರುವಾಗಲೇ "ಚಾ ಮುಗದೈತ್ರಿ" ಎಂದು ಕಳಿಸಿದ್ದ. ಪರಶುವಿಗೆ ಹೇಳಿ ಹೇಳಿ ಅವಳ ಬಾಯಿ ಬತ್ತಿತ್ತು.

ಊರಾಚೆಯ ಹಳ್ಳದ ಹತ್ತಿರ ಅವಳು ಗಾಡಿ ನಿಲ್ಲಿಸಿದಳು.

"ನಿಲ್ಲಬ್ಯಾಡ್ರಿ ಅಕ್ಕಾ! ಮಂದಿ ಕೂಡಾಕತ್ತಾರ. ಸಿಕ್ಕರ ಗಾಡಿ ಸುಡ್ತಾರ," ಎಂದ ಪರಶು.

"ಆ ಹಿರೇರಿಗೆ ಏನಾತು ಅಂತ ನೋಡಿದೇನು?"

ಪರಶು ತಲೆ ತಗ್ಗಿಸಿದ. "ನಮ್ಮ ನಂಬರ್ ಯಾರೂ ನೋಡಿಲ್ರಿ."

"ನಾ ನೋಡೀನಲ್ಲ." ಮಹೇಶ್ವರಿ ಗಾಡಿ ಹೊರಳಿಸಿದಳು. "ಬರಾವ್ರು ಬರ್ರಿ. ಬರಲಾರದವ್ರು ಇನ್ನ ಮ್ಯಾಲ ನನ್ನ ಹಿಂದ ಬರಬ್ಯಾಡ್ರಿ."

ಯಾರೂ ಬರಲಿಲ್ಲ. ಜನ ಕಣ್ಣಿಗೆ ಬೀಳುತ್ತಲೇ ಅವಳು ಎಂಜಿನ್ ಬಂದ್ ಮಾಡಿ, ಇಳಿದು, ಗಾಡಿ ತಳ್ಳಿಕೊಂಡೇ ನಡೆದಳು. ಮಹಾಲಿಂಗಪ್ಪ ಬದುವಿನ ಮೇಲೆ ಬಲಗೈ ಹಿಡಿದುಕೊಂಡು ಕೂತಿದ್ದ, ಮುಂಗೈ ಊದಿಕೊಂಡಿತ್ತು. ಅವನ ಹೆಂಡತಿ ಸಕ್ರವ್ವ ದಾಪುಗಾಲು ಹಾಕಿ ಬಂದವಳೇ ಬೈಕಿನ ಚಾವಿ ಕಿತ್ತುಕೊಂಡಳು.

"ಇಂವ ಗಾಲಿ ಬುಡಕ ಬಿದ್ದಿದ್ರ ಏನ್ ಮಾಡ್ತಿದ್ದಿ? ಗಾಡಿ ಮ್ಯಾಲ ಕುಂತ್ರ ನಿಮಗ ಮನಷ್ಯಾರು ಕಾಣಂಗಿಲ್ಲ. ನೀವೆಲ್ಲಾರೂ ಒಂದ!"

"ತಪ್ಪಾಗೈತ್ರಿ ಯವ್ವಾ."

ಮಹಾಲಿಂಗಪ್ಪ ಮುಖವೆತ್ತಿ ನೋಡಿದ. "ಏ, ಈಕಿ ಗಾಡಿ ಅಲ್ಲ. ಈಕಿ ಮೊದಲ ಹಾದುಹೋದ್ಲು. ಎತ್ತು ಕಿವಿ ಸೈತ ಅಳ್ಳಾಡಿಸಲಿಲ್ಲ."

ಸುತ್ತ ನಿಂತವರು ಅವಳನ್ನೇ ನೋಡಿದರು. 'ಹೌದು' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಸಪ್ಪಳ ನನ್ನ ಗಾಡೀದಲ್ಲ, ಖರೇ. ಆದ್ರ ಗುಂಪು ನಂದ್ರಿ," ಎಂದಳು ಮಹೇಶ್ವರಿ. "ನನ್ನ ಬೆನ್ನ ಹಿಂದ ಬಂದವ್ರು ಮಾಡಿದ್ದು ನಾನ ಮಾಡಿದಂಗ."

"ಹಂಗಾರ ಅವನ ಹೆಸರು ಹೇಳು," ಎಂದ ಒಬ್ಬ.

"ಹೆಸರು ಹೇಳಿ ಪಾರಾಗಾಕ ಬಂದಿಲ್ರಿ ನಾ. ಮೊದಲ ಇವರನ್ನ ದವಾಖಾನಿಗೆ ಕರಕೊಂಡು ಹೋಗೂಣು."

ಅಷ್ಟರಲ್ಲಿ ಹಿಂದಿದ್ದವರು ರಸ್ತೆಯ ಕಡೆ ಹೊರಳಿದರು. ಪರಶು ಬರುತ್ತಿದ್ದ. ಗಾಡಿಯ ಮೇಲಲ್ಲ, ಅದನ್ನು ತಳ್ಳಿಕೊಂಡು. ಅವನ ಹಿಂದೆ ಉಳಿದವರೆಲ್ಲ ಹಾಗೆಯೇ, ಒಬ್ಬರ ಹಿಂದೊಬ್ಬರು, ಬೆವರಿಳಿಸುತ್ತ. ಅಷ್ಟೊಂದು ಗಾಡಿಗಳು ಬರುತ್ತಿದ್ದರೂ ಕೇಳುತ್ತಿದ್ದದ್ದು ರಸ್ತೆಯ ಖಡಿಗಲ್ಲಿನ ಮೇಲೆ ಗಾಲಿ ಉರುಳುವ ಸದ್ದು, ಮತ್ತೆ ಅವರ ಏದುಸಿರು. ಬೈಯಲು ಬಾಯಿ ತೆರೆದಿದ್ದವರು ಹಾಗೇ ನಿಂತರು. ಇಷ್ಟು ವರ್ಷದಲ್ಲಿ ತನ್ನ ಗುಂಪನ್ನು ನೋಡಿ ಮಹೇಶ್ವರಿಯ ಎದೆ ಹೀಗೆ ಉಬ್ಬಿರಲಿಲ್ಲ.

ಪರಶು ಮುದುಕನ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ನಾನ್ರಿ ಅಜ್ಜಾರ, ಸಪ್ಪಳ ಮಾಡಿದಾಂವ. ಇವತ್ತ ಆ ಸೈಲೆನ್ಸರ್ ಬಿಚ್ಚಿ ಒಗೀತೀನ್ರಿ."

ಮಹಾಲಿಂಗಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅದನ್ನ ಆಮ್ಯಾಲ ಬಿಚ್ಚೀಯಂತ. ಮೊದಲ ನನ್ನ ಎತ್ತು ಹಿಡಕೊಂಡು ಬಾ."

ಯಾರೋ ನಕ್ಕರು. ಅಲ್ಲಿಗೆ ಬಿಗಿ ಸಡಿಲಾಯಿತು. ಹುಡುಗರೆಲ್ಲ ಹೊಲಕ್ಕಿಳಿದರು, ಊರಿನ ನಾಲ್ಕು ಮಂದಿಯೂ ಅವರ ಬೆನ್ನು ಹತ್ತಿದರು. ಮಹೇಶ್ವರಿ ಮುದುಕನ ರುಮಾಲು ಬಿಚ್ಚಿ ಊದಿದ ಕೈಯನ್ನು ಕೊರಳಿಗೆ ಜೋಳಿಗೆಯ ಹಾಗೆ ಕಟ್ಟಿದಳು. ದವಾಖಾನೆಯಿದ್ದ ನರೇಗಲ್ಲಿಗೆ ಬಸ್ಸು ಆಗಲೇ ಹೋಗಿಬಿಟ್ಟಿತ್ತು. ಸಕ್ರವ್ವ ಸ್ವಲ್ಪ ಹೊತ್ತು ರಸ್ತೆ ನೋಡಿದಳು, ಗಂಡನ ಮುಖ ನೋಡಿದಳು, ಆಮೇಲೆ ಚಾವಿಯನ್ನು ಮಹೇಶ್ವರಿಯ ಅಂಗೈಯಲ್ಲಿಟ್ಟಳು.

"ಸಾವಕಾಶ ಕರಕೊಂಡು ಹೋಗು ತಂಗಿ."

ಎತ್ತು ಹಿಡಿದುಕೊಂಡು ಬಂದ ಪರಶು ತನ್ನ ಹೆಲ್ಮೆಟ್ಟನ್ನು ಮಹಾಲಿಂಗಪ್ಪನ ಬೋಳುತಲೆಗೆ ತೊಡಿಸಿದ. ಸಕ್ರವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು.

ಮುದುಕನನ್ನು ಹಿಂದೆ ಕೂರಿಸಿಕೊಂಡ ಮಹೇಶ್ವರಿಯ ಗಾಡಿ ಮೆಲ್ಲಗೆ ಊರೊಳಗಿಂದ ಹೊರಟಿತು. ಕಟ್ಟೆಯ ಮೇಲೆ ಕೂತವರು ಎದ್ದು ನಿಂತು ನೋಡುತ್ತಿದ್ದರು. ಮಹಾಲಿಂಗಪ್ಪ ಬೆನ್ನು ನೆಟ್ಟಗೆ ಮಾಡಿದ. ಎಡಗೈಯಿಂದ ಮಹೇಶ್ವರಿಯ ಹೆಗಲು ಹಿಡಿದು, ಅವಳ ಕಿವಿಯ ಹತ್ತಿರ ಬಾಗಿದ.

"ಯವ್ವಾ, ಒಮ್ಮೆ ಹಾರ್ನ್ ಹೊಡಿ. ನಾ ಹೊಂಟಿದ್ದು ನಮ್ಮ ಓಣಿ ಮಂದಿಗೆ ಗೊತ್ತಾಗ್ಲಿ."